ಸಿಪ್ಪೆಯಿಲ್ಲದ ಬೀಜದ ಕುಂಬಳ

ಬೀಜದ ಮೇಲೆ ಗಟ್ಟಿ ಸಿಪ್ಪೆ ಬೆಳೆಯದೆ ಕಡುಹಸಿರು ಬಣ್ಣದ ತೆಳುವಾದ ಪೊರೆಯಷ್ಟೇ ಉಳಿಯುವ ಕುಂಬಳದ ತಳಿಗಳ ಗುಂಪು. ಇವುಗಳಲ್ಲಿ ಹೆಚ್ಚಿನವು ಕುಕರ್ಬಿಟ ಪೆಪೊ ಎಂಬ ಪ್ರಭೇದಕ್ಕೆ ಸೇರಿವೆ. ಎಣ್ಣೆಗಾಗಿ ಬೆಳೆಯುವ ಮುಖ್ಯ ಗುಂಪನ್ನು ಸಸ್ಯಶಾಸ್ತ್ರಜ್ಞರು ಸ್ಟಿರಿಯಾಕ ಎಂಬ ಉಪಬಗೆಯಾಗಿ ಗುರುತಿಸುತ್ತಾರೆ. ಆಸ್ಟ್ರಿಯದ ಆಗ್ನೇಯ ಭಾಗದ ಸ್ಟಿರಿಯ ಪ್ರಾಂತದಿಂದ ಬಂದ ಹೆಸರು ಅದು. ಕಾಯಿಯಿಂದ ತೆಗೆದು, ತೊಳೆದು, ಒಣಗಿಸಿದ ಬೀಜವನ್ನು ಸುಲಿಯುವ ಕೆಲಸವಿಲ್ಲದೆ ನೇರವಾಗಿ ತಿನ್ನಬಹುದು, ಹುರಿಯಬಹುದು ಅಥವಾ ಗಾಣಕ್ಕೆ ಹಾಕಬಹುದು. ಸಿಪ್ಪೆ ಹೋಗಲು ಕಾರಣ ನಿಸರ್ಗದಲ್ಲಿ ತಾನಾಗಿ ಆದ ಒಂದೇ ಒಂದು ಜೀನ್‌ನ ಬದಲಾವಣೆ. ಆದರೆ ಆ ಸಿಪ್ಪೆ ಮಾಡುತ್ತಿದ್ದ ರಕ್ಷಣೆಯ ಕೆಲಸವನ್ನು ಬೇರೆ ದಾರಿಯಿಂದ ತುಂಬಿಕೊಡದೆ ಇದು ಬೆಳೆಯಾಗಿ ನಿಲ್ಲುತ್ತಿರಲಿಲ್ಲ. ಒಂದು ಶತಮಾನಕ್ಕೂ ಮಿಕ್ಕಿ ನಡೆದಿರುವ ತಳಿ ಅಭಿವೃದ್ಧಿಯ ಸಾರ ಇದೇ.

ಸಸ್ಯ ಮತ್ತು ಅದರ ಬಂಧುಗಳು

ಕುಂಬಳದ ಕುಲವಾದ ಕುಕರ್ಬಿಟ ಅಮೆರಿಕ ಖಂಡಗಳ ಮೂಲದ್ದು. ಸೌತೆ, ಹೀರೆ, ಹಾಗಲ, ಕಲ್ಲಂಗಡಿಗಳೂ ಇರುವ ಕುಕರ್ಬಿಟೇಸೀ ಕುಟುಂಬಕ್ಕೆ ಇದು ಸೇರಿದೆ. ಮನುಷ್ಯ ಪಳಗಿಸಿದ ಪ್ರಭೇದಗಳು ಐದು: ಪೆಪೊ, ಮೊಸ್ಕಾಟ, ಮ್ಯಾಕ್ಸಿಮ, ಆರ್ಗೈರೊಸ್ಪರ್ಮ ಮತ್ತು ಫಿಸಿಫೋಲಿಯ. ಕರ್ನಾಟಕದ ಸಂತೆಗಳಲ್ಲಿ ಸಿಗುವ ಸಿಹಿಗುಂಬಳ, ಅಂದರೆ ಮಲೆನಾಡಿನವರ ಚೀನಿಕಾಯಿ, ಹೆಚ್ಚಾಗಿ ಮೊಸ್ಕಾಟ ಪ್ರಭೇದದ್ದು. ದೃಷ್ಟಿ ತೆಗೆಯಲು, ಹುಳಿ–ಮಜ್ಜಿಗೆಹುಳಿಗೆ ಬಳಸುವ ಬೂದುಗುಂಬಳ ಬೇರೆಯೇ ಕುಲದ ಬಳ್ಳಿ. ಇಲ್ಲಿನ ವಿಷಯಕ್ಕೆ ಅದು ಸೇರುವುದಿಲ್ಲ. ಈಚಿನ ವರ್ಷಗಳಲ್ಲಿ ನಗರದ ಅಂಗಡಿಗಳಿಗೆ ಬಂದಿರುವ ಜುಕಿನಿ ಪೆಪೊ ಪ್ರಭೇದದ್ದೇ ಆಗಿದ್ದು, ಸಿಪ್ಪೆಯಿಲ್ಲದ ಬೀಜದ ಕುಂಬಳಕ್ಕೆ ತೀರ ಹತ್ತಿರದ ಬಂಧು.

ಕುಂಬಳವನ್ನು ಮನುಷ್ಯ ಮೊದಲು ಬಳಸಿದ್ದು ಕಾಯಿಯ ತಿರುಳಿಗಾಗಿ ಅಲ್ಲ, ಬೀಜಕ್ಕಾಗಿ ಎಂಬುದು ಪುರಾತತ್ತ್ವ ಮತ್ತು ಸಸ್ಯಶಾಸ್ತ್ರಗಳ ಸಾಮಾನ್ಯ ಅಭಿಪ್ರಾಯ. ಕಾಡುಕುಂಬಳದ ತಿರುಳು ತೆಳ್ಳಗಿದ್ದು, ಕುಕರ್ಬಿಟಾಸಿನ್ ಎಂಬ ವಿಷಕಾರಿ ರಾಸಾಯನಿಕದಿಂದ ಬಾಯಿಗಿಡಲಾಗದಷ್ಟು ಕಹಿಯಾಗಿರುತ್ತದೆ. ಬೀಜ ಮಾತ್ರ ತೊಳೆದರೆ ತಿನ್ನಲು ಬರುತ್ತದೆ. ಮೆಕ್ಸಿಕೊದ ಓಹಾಕ ಪ್ರಾಂತದ ಗಿಲಾ ನಕೀಟ್ಸ್ ಗವಿಯಲ್ಲಿ ಸಿಕ್ಕ ಪೆಪೊ ಬೀಜಗಳನ್ನು ಅಮೆರಿಕದ ಪುರಾತತ್ತ್ವಜ್ಞ ಬ್ರೂಸ್ ಸ್ಮಿತ್ 1997ರಲ್ಲಿ ಮರುಪರೀಕ್ಷೆ ಮಾಡಿ, ಅವು ಸುಮಾರು 10,000 ವರ್ಷಗಳಷ್ಟು ಹಳೆಯ ಕೃಷಿಯ ಕುರುಹುಗಳೆಂದು ತೋರಿಸಿದರು. ಮೆಕ್ಸಿಕೊದಲ್ಲಿ ಇಂದಿಗೂ ಆರ್ಗೈರೊಸ್ಪರ್ಮ ಪ್ರಭೇದವನ್ನು ಮುಖ್ಯವಾಗಿ ದೊಡ್ಡ ಬೀಜಕ್ಕಾಗಿಯೇ ಬೆಳೆಯುತ್ತಾರೆ. ಹುರಿದು ಅರೆದ ಕುಂಬಳಬೀಜ ಅಲ್ಲಿನ ಪಿಪಿಯಾನ್ ಎಂಬ ಮೇಲೋಗರದ ಜೀವಾಳ. ಇವೆಲ್ಲವೂ ಗಟ್ಟಿ ಸಿಪ್ಪೆಯ ಬೀಜಗಳು. ಸಿಪ್ಪೆಯಿಲ್ಲದ ಬೀಜ ಹುಟ್ಟಿದ್ದು ತವರಿನಲ್ಲಲ್ಲ, ಸಾಗರ ದಾಟಿ ಬಂದ ಮೇಲೆ ಯುರೋಪಿನಲ್ಲಿ.

ಬೀಜಕವಚದ ರಚನೆ

ಸಾಮಾನ್ಯ ಕುಂಬಳಬೀಜದ ಕವಚದಲ್ಲಿ ಐದು ಪದರಗಳಿವೆ. ತೀರ ಹೊರಗಿನದು ಹೊರಚರ್ಮ. ಅದರ ಕೆಳಗೆ ಚಿಕ್ಕ ಕೋಶಗಳ ಒಳಚರ್ಮ. ಮೂರನೆಯದು ದಪ್ಪ ಗೋಡೆಯ ಕಲ್ಲುಕೋಶಗಳ ಪದರ. ಹಲ್ಲಿನಲ್ಲಿ ಕಚ್ಚಿದಾಗ 'ಟಕ್' ಎಂದು ಒಡೆಯುವುದು ಇದೇ. ನಾಲ್ಕನೆಯದು ಗಾಳಿಯೆಡೆಗಳಿರುವ ಸ್ಪಂಜಿನಂಥ ಪದರ. ಐದನೆಯದು ಬೇಳೆಗೆ ಅಂಟಿಕೊಂಡಿರುವ ತೆಳು ಹಸಿರು ಪೊರೆ. ಬೀಜ ಬಲಿಯುವಾಗ ನಡುವಿನ ಪದರಗಳ ಕೋಶಗೋಡೆಗಳಲ್ಲಿ ಸೆಲ್ಯುಲೋಸ್ ಮತ್ತು ಲಿಗ್ನಿನ್ ತುಂಬಿಕೊಂಡು ಮರದಂತೆ ಗಡುಸಾಗುತ್ತವೆ.

ಸಿಪ್ಪೆಯಿಲ್ಲದ ತಳಿಯಲ್ಲಿ ಈ ಪದರಗಳು ಹುಟ್ಟುವುದೇ ಇಲ್ಲವೆಂದಲ್ಲ. ಎಳೆಯ ಬೀಜದಲ್ಲಿ ಐದೂ ಪದರಗಳು ಕಾಣುತ್ತವೆ. ಆದರೆ ಬಲಿಯುವ ಹೊತ್ತಿಗೆ ಹೊರಗಿನ ನಾಲ್ಕರ ಕೋಶಗೋಡೆಗಳು ದಪ್ಪವಾಗುವುದಿಲ್ಲ, ಲಿಗ್ನಿನ್ ಸೇರುವುದು ಅತ್ಯಲ್ಪ. ಬೀಜ ಒಣಗಿದಾಗ ಅವು ಕುಸಿದು ಪಾರದರ್ಶಕ ಹಾಳೆಯಂತೆ ಬೇಳೆಯ ಮೇಲೆ ಕೂತುಬಿಡುತ್ತವೆ, ಒಳಗಿನ ಹಸಿರು ಪೊರೆ ಹೊರಗೆ ಕಾಣುತ್ತದೆ. ಸ್ಟಿರಿಯದ ಬೀಜದ ಕಡುಹಸಿರು ಬಣ್ಣಕ್ಕೆ ಇದೇ ಕಾರಣ. ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ವಿಶ್ವವಿದ್ಯಾಲಯದ ಸ್ಟುವರ್ಟ್ ಮತ್ತು ಬ್ರೆಂಟ್ ಲಾಯ್ 1983ರಲ್ಲಿ ಎರಡೂ ಬಗೆಯ ಬೀಜಗಳ ಬೆಳವಣಿಗೆಯನ್ನು ಹಂತಹಂತವಾಗಿ ಹೋಲಿಸಿ ಇದನ್ನು ವಿವರವಾಗಿ ದಾಖಲಿಸಿದರು.

ಸಿಪ್ಪೆಯಿರುವ ಬೀಜದ ಒಟ್ಟು ತೂಕದಲ್ಲಿ ಐದನೇ ಒಂದು ಭಾಗದಿಂದ ಕಾಲು ಭಾಗದವರೆಗೆ ಸಿಪ್ಪೆಯದೇ. ಹಾಗಾಗಿ ಸಿಪ್ಪೆ ಹೋದಾಗ ಉಳಿಯುವುದು ಸುಲಿಯುವ ಶ್ರಮ ಮಾತ್ರವಲ್ಲ; ತೂಗಿದ ಬೀಜವೆಲ್ಲ ತಿನ್ನುವ ಬೇಳೆಯೇ ಆಗಿರುತ್ತದೆ.

ಉಗಮ ಮತ್ತು ಇತಿಹಾಸ

ಕೊಲಂಬಸನ ನಂತರ ಯುರೋಪಿಗೆ ಬಂದ ಪೆಪೊ ಕುಂಬಳ ಸ್ಟಿರಿಯದ ಹೊಲಗಳಲ್ಲಿ ಮುಸುಕಿನ ಜೋಳದ ಸಾಲುಗಳ ನಡುವೆ ದನದ ಮೇವಿಗೂ ಬೀಜದ ಎಣ್ಣೆಗೂ ಬೆಳೆಯುವ ಪೈರಾಯಿತು. ಅಲ್ಲಿ ಕುಂಬಳಬೀಜದ ಎಣ್ಣೆಯ ಮೊದಲ ಲಿಖಿತ ಉಲ್ಲೇಖ 1697ರ, ಗ್ಲೈನ್‌ಸ್ಟೆಟನ್ ಎಂಬ ಊರಿನ ಆಸ್ತಿಪಟ್ಟಿಯಲ್ಲಿದೆ. ಆಗ ಎಣ್ಣೆ ತೆಗೆಯುವ ಮೊದಲು ಬೀಜವನ್ನು ಕೈಯಿಂದ ಸುಲಿಯಬೇಕಿತ್ತು. ಹೊಲದ ಕೆಲಸ ಮುಗಿದ ಚಳಿಗಾಲದ ಸಂಜೆಗಳಲ್ಲಿ ಮನೆಮಂದಿಯೆಲ್ಲ ಸೇರಿ ಮಾಡುತ್ತಿದ್ದ ಕೆಲಸ ಅದು.

19ನೇ ಶತಮಾನದ ಕೊನೆಯ ಭಾಗದಲ್ಲಿ, ಅಂದಿನ ಆಸ್ಟ್ರಿಯ–ಹಂಗೆರಿ ಸಾಮ್ರಾಜ್ಯದ ಈ ಸೀಮೆಯಲ್ಲಿ, ಸಿಪ್ಪೆ ಬಲಿಯದ ಬೀಜದ ಕಾಯಿಗಳು ಕಾಣಿಸಿಕೊಂಡವು. ಇದು ಯಾರೂ ಯೋಜಿಸಿ ಮಾಡಿದ ಸಂಕರಣವಲ್ಲ, ತಾನಾಗಿ ಆದ ಉತ್ಪರಿವರ್ತನೆ. ಕಾಡಿನಲ್ಲಿ ಇಂಥ ಬೀಜ ಮಣ್ಣಿಗೆ ಬಿದ್ದರೆ ಕೊಳೆತೋ ಇಲಿಯ ಪಾಲಾಗಿಯೋ ಆ ಗುಣ ಅಲ್ಲಿಗೇ ಅಳಿಯುತ್ತಿತ್ತು. ಬೀಜವನ್ನು ಕೈಯಾರೆ ಬಿಡಿಸುತ್ತಿದ್ದ ರೈತರ ಕಣ್ಣಿಗೆ ಬಿದ್ದುದರಿಂದಲೇ, ಅವರು ಬೇರೆಯಾಗಿ ಎತ್ತಿಟ್ಟು ಬಿತ್ತಿದ್ದರಿಂದಲೇ ಅದು ಉಳಿಯಿತು. ಈ ಬೆಳೆಯ ಮೊದಲ ತಳಿಗಾರರು ಹೆಸರಿಲ್ಲದ ಆ ಕೃಷಿಕರೇ ಎಂಬುದನ್ನು ಮರೆಯಬಾರದು.

ವೈಜ್ಞಾನಿಕ ತಳಿ ಅಭಿವೃದ್ಧಿಗೆ ಅಡಿಪಾಯ ಹಾಕಿದವರಲ್ಲಿ ಮುಖ್ಯರು ವಿಯೆನ್ನದ ಎರಿಕ್ ಫಾನ್ ಚೆರ್ಮಾಕ್-ಸೈಸೆನೆಗ್. ಮೆಂಡೆಲನ ಆನುವಂಶಿಕತೆಯ ನಿಯಮಗಳನ್ನು 1900ರಲ್ಲಿ ಮತ್ತೆ ಬೆಳಕಿಗೆ ತಂದ ಮೂವರಲ್ಲಿ, ಹ್ಯೂಗೊ ಡಿ ವ್ರೀಸ್ ಮತ್ತು ಕಾರ್ಲ್ ಕಾರೆನ್ಸ್ ಅವರ ಜೊತೆಗೆ ಎಣಿಸಲಾಗುವ ಹೆಸರು ಇವರದು. ಸಿಪ್ಪೆಯಿಲ್ಲದ ಬೀಜದ ಕುಂಬಳವನ್ನು ಗಮನಿಸಬೇಕಾದ ಎಣ್ಣೆಬೆಳೆಯೆಂದು ಎತ್ತಿಹಿಡಿದ ಅವರ ಲೇಖನ 1934ರಲ್ಲಿ ಪ್ರಕಟವಾಯಿತು. ಉದ್ದ ಹಬ್ಬುವ ಬಳ್ಳಿಯ ಸಿಪ್ಪೆಯಿಲ್ಲದ ಕುಂಬಳವನ್ನು ಪೊದೆಯಾಗಿ ಬೆಳೆಯುವ ಸಿಪ್ಪೆಯ ಕುಂಬಳದೊಡನೆ ಸಂಕರಿಸಿ, ಎರಡರ ಗುಣವನ್ನೂ ಒಂದೇ ಗಿಡದಲ್ಲಿ ಕೂಡಿಸುವ ಕೆಲಸವನ್ನು ಅವರು ಕೈಗೊಂಡರು. ಮುಂದೆ ಸ್ಟಿರಿಯದ ಗ್ಲೈಸ್‌ಡಾರ್ಫ್ ಊರು ಈ ಬೆಳೆಯ ತಳಿ ಅಭಿವೃದ್ಧಿಯ ಕೇಂದ್ರವಾಯಿತು. 'ಸ್ಟಿರಿಯದ ಕುಂಬಳಬೀಜದ ಎಣ್ಣೆ' ಎಂಬ ಹೆಸರಿಗೆ 1996ರಲ್ಲಿ ಯುರೋಪಿಯನ್ ಒಕ್ಕೂಟದ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು.

ಆನುವಂಶಿಕತೆ

ಸಿಪ್ಪೆಯಿಲ್ಲದಿರುವ ಗುಣವನ್ನು ಮುಖ್ಯವಾಗಿ ಒಂದೇ ಅಪ್ರಬಲ ಜೀನ್ ನಿರ್ಧರಿಸುತ್ತದೆ. ತಳಿಶಾಸ್ತ್ರಜ್ಞರು ಅದನ್ನು 'ಎನ್' ಅಕ್ಷರದಿಂದ ಗುರುತಿಸುತ್ತಾರೆ. ತಂದೆ–ತಾಯಿ ಎರಡೂ ಕಡೆಯಿಂದ ಈ ರೂಪ ಬಂದ ಗಿಡ ಮಾತ್ರ ಸಿಪ್ಪೆಯಿಲ್ಲದ ಬೀಜ ಕೊಡುತ್ತದೆ. ಇದರ ಜೊತೆಗೆ ಪ್ರಭಾವ ಬೀರುವ ಕಿರಿಯ ಜೀನ್‌ಗಳೂ ಇವೆ. ಇದರಿಂದಾಗಿ ಸಂಕರಣದ ಸಂತತಿಯಲ್ಲಿ ಅರೆ ಸಿಪ್ಪೆಯ ಬೀಜಗಳು, ಅಂಚಿನಲ್ಲಿ ಮಾತ್ರ ಗಟ್ಟಿ ಏಣಿರುವ ಬೀಜಗಳು, ತೆಳು ಬಿಳಿ ಪದರ ಉಳಿದ ಬೀಜಗಳು ಬರುತ್ತವೆ. ಬಾಯಿಗೆ ನಾರು ಸಿಗದಷ್ಟು ನುಣುಪಾದ ಬೀಜ ಬೇಕೆಂದರೆ ಮುಖ್ಯ ಜೀನ್ ಒಂದಿದ್ದರೆ ಸಾಲದು, ಈ ಕಿರಿಯ ಜೀನ್‌ಗಳನ್ನೂ ತಲೆಮಾರಿನಿಂದ ತಲೆಮಾರಿಗೆ ಆಯ್ದುಕೊಳ್ಳುತ್ತ ಹೋಗಬೇಕು.

ಇಲ್ಲಿ ತಳಿಗಾರ ಮೊದಲು ಅರಿಯಬೇಕಾದ ಒಂದು ಸೂಕ್ಷ್ಮವಿದೆ. ಬೀಜದೊಳಗಿನ ಭ್ರೂಣ ತಂದೆ–ತಾಯಿ ಇಬ್ಬರದೂ ಹೌದು. ಬೀಜದ ಕವಚ ಮಾತ್ರ ಪೂರ್ತಿ ತಾಯಿಗಿಡದ ಅಂಗಾಂಶ. ಆದ್ದರಿಂದ ಒಂದು ಗಿಡದ ಎಲ್ಲ ಕಾಯಿಗಳ ಎಲ್ಲ ಬೀಜಗಳಿಗೂ ಒಂದೇ ಬಗೆಯ ಕವಚವಿರುತ್ತದೆ, ಯಾವ ಪರಾಗ ಬಂದು ತಾಕಿದ್ದರೂ ಅದು ಬದಲಾಗದು. ಸಿಪ್ಪೆಯಿಲ್ಲದ ತಾಯಿಗೆ ಸಿಪ್ಪೆಯ ತಳಿಯ ಪರಾಗ ಹಾಕಿದರೆ ಆ ಕಾಯಿಯಲ್ಲಿ ಸಿಗುವುದು ಸಿಪ್ಪೆಯಿಲ್ಲದ ಬೀಜವೇ. ಅದನ್ನು ಬಿತ್ತಿ ಬೆಳೆದ ಮೊದಲ ತಲೆಮಾರಿನ ಗಿಡಗಳಲ್ಲಿ ಬರುವುದೆಲ್ಲ ಸಿಪ್ಪೆಯ ಬೀಜ. ಆ ಬೀಜಗಳ ಪೈಕಿ ಕಾಲು ಭಾಗದ ಒಳಗೆ ಸಿಪ್ಪೆಯಿಲ್ಲದ ಗುಣ ಅಡಗಿದ್ದರೂ ಹೊರಗಿಂದ ನೋಡಿ ಗುರುತಿಸುವುದು ಅಸಾಧ್ಯ. ಎರಡನೆಯ ತಲೆಮಾರನ್ನು ಬಿತ್ತಿ, ಕಾಯಿ ಬಲಿತ ಮೇಲೆ ಕೊಯ್ದು ನೋಡಿದಾಗಲೇ ನಾಲ್ಕರಲ್ಲೊಂದು ಗಿಡದಲ್ಲಿ ಹಸಿರು ಬೀಜ ಹೊಳೆಯುತ್ತದೆ. ಈ ಗುಣ ಯಾವಾಗಲೂ ಒಂದು ತಲೆಮಾರು ತಡವಾಗಿ ಮುಖ ತೋರಿಸುತ್ತದೆ.

ತಿನ್ನಲು ಬೆಳೆಯುವವರಿಗೆ ಇದು ವರ. ಪಕ್ಕದ ಹಿತ್ತಲಿನಲ್ಲಿ ಜುಕಿನಿ ಇದ್ದು ಜೇನ್ನೊಣ ಪರಾಗ ಬೆರೆಸಿದರೂ ಆ ವರ್ಷದ ಬೀಜಕ್ಕೆ ಏನೂ ಆಗದು. ಬೀಜ ಉಳಿಸಿಕೊಳ್ಳುವವರಿಗೆ ಮಾತ್ರ ಇದು ಮುಳ್ಳು. ಬೆರಕೆಯ ಸುಳಿವು ಸಿಗುವುದು ಮುಂದಿನ ಬೆಳೆಯ ಕಾಯಿ ಒಡೆದಾಗ.

ಕುಂಬಳದ ಜೀನೋಮ್ ನಕ್ಷೆಗಳು ಈಚೆಗೆ ಲಭ್ಯವಾಗಿವೆ. ಮ್ಯಾಕ್ಸಿಮ ಮತ್ತು ಮೊಸ್ಕಾಟ ಪ್ರಭೇದಗಳದು 2017ರಲ್ಲಿ, ಪೆಪೊದ್ದು 2018ರಲ್ಲಿ ಪ್ರಕಟವಾದವು. ಸಿಪ್ಪೆಯ ಜೀನ್‌ಗೆ ಹತ್ತಿರವಿರುವ ಡಿಎನ್‌ಎ ಗುರುತುಗಳ ನೆರವಿನಿಂದ, ಕಾಯಿ ಬಿಡುವವರೆಗೆ ಕಾಯದೆ ಎಳೆ ಸಸಿಯ ಎಲೆಯಿಂದಲೇ ಆಯ್ಕೆ ಮಾಡಬಹುದು. ಒಂದು ತಲೆಮಾರು ತಡವಾಗಿ ಕಾಣುವ ಗುಣದ ವಿಷಯದಲ್ಲಿ ಇದು ದೊಡ್ಡ ಅನುಕೂಲ.

ತಳಿ ಬೆಳೆಸುವ ಬಗೆ

ಕುಂಬಳದಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆಬೇರೆ, ಎರಡೂ ಒಂದೇ ಗಿಡದಲ್ಲಿ. ಸಾಮಾನ್ಯವಾಗಿ ಗಂಡು ಹೂಗಳು ಮೊದಲು ಬರುತ್ತವೆ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿಯಂತೆ ಅಂಡಾಶಯ ಕಾಣುವುದರಿಂದ ಗುರುತು ಸುಲಭ. ಹೂ ಅರಳುವುದು ನಸುಕಿನಲ್ಲಿ, ಮುದುಡುವುದು ಮಧ್ಯಾಹ್ನದೊಳಗೆ.

ಕೈಯಿಂದ ಪರಾಗಸ್ಪರ್ಶ ಮಾಡುವವರು ಹಿಂದಿನ ಸಂಜೆಯೇ ತೋಟ ಸುತ್ತಬೇಕು. ಮರುದಿನ ಅರಳಲಿರುವ ಮೊಗ್ಗಿನ ತುದಿಗೆ ಹಳದಿ ಬಣ್ಣ ಏರಿರುತ್ತದೆ. ಅಂಥ ಗಂಡು ಮೊಗ್ಗು, ಹೆಣ್ಣು ಮೊಗ್ಗುಗಳ ಎಸಳುಗಳು ಬಿಚ್ಚದಂತೆ ದಾರದಿಂದ ಕಟ್ಟುತ್ತಾರೆ. ಬೆಳಿಗ್ಗೆ ಗಂಡು ಹೂವನ್ನು ತೊಟ್ಟಿನ ಸಮೇತ ಕಿತ್ತು, ಎಸಳುಗಳನ್ನು ಹರಿದು ತೆಗೆದು, ಉಳಿದ ಕೇಸರದಂಡವನ್ನು ಕುಂಚದಂತೆ ಹಿಡಿದು ಹೆಣ್ಣು ಹೂವಿನ ಶಲಾಕಾಗ್ರದ ಎಲ್ಲ ಹಾಲೆಗಳಿಗೂ ಹಳದಿ ಪುಡಿ ಮೆತ್ತುವಂತೆ ಸವರುತ್ತಾರೆ. ಪರಾಗ ಒಂದೇ ಕಡೆ ಬಿದ್ದರೆ ಕಾಯಿ ಸೊಟ್ಟಗಾಗಿ ಬೀಜ ಕಡಿಮೆಯಾಗುತ್ತದೆ. ಬಳಿಕ ಹೆಣ್ಣು ಹೂವನ್ನು ಮತ್ತೆ ಕಟ್ಟಿ, ತಾಯಿ–ತಂದೆ ತಳಿಗಳ ಹೆಸರು ಮತ್ತು ದಿನಾಂಕ ಬರೆದ ಚೀಟಿಯನ್ನು ಕಾಯಿಯ ತೊಟ್ಟಿಗೆ ತೂಗುಹಾಕುತ್ತಾರೆ. ಅದೇ ಗಿಡದ ಪರಾಗ ಬಳಸಿದರೆ ಅದು ಸ್ವಪರಾಗಸ್ಪರ್ಶ. ಕುಂಬಳದಲ್ಲಿ ಹಲವು ತಲೆಮಾರು ಸ್ವಪರಾಗಸ್ಪರ್ಶ ಮಾಡಿದರೂ ಗಿಡದ ಕಸುವು ಹೆಚ್ಚು ಕುಗ್ಗುವುದಿಲ್ಲ. ಹಾಗಾಗಿ ಸಣ್ಣ ಹಿಡುವಳಿಯಲ್ಲೂ ಶುದ್ಧ ಸಂತತಿ ಕಟ್ಟಲು ಸಾಧ್ಯ.

ಎಷ್ಟು ಗಿಡ ಬೆಳೆಯಬೇಕೆಂಬುದು ಸರಳ ಲೆಕ್ಕ. ಎರಡನೆಯ ತಲೆಮಾರಿನಲ್ಲಿ ಸಿಪ್ಪೆಯಿಲ್ಲದ ಗಿಡ ಒಂದಾದರೂ ಸಿಗುವ ಭರವಸೆ ನೂರಕ್ಕೆ 95ರಷ್ಟು ಇರಬೇಕಾದರೆ 11 ಗಿಡ ಸಾಕು. ಅದರ ಜೊತೆಗೆ ಇನ್ನೊಂದು ಅಪ್ರಬಲ ಗುಣವೂ ಬೇಕೆಂದರೆ ಸಾಧ್ಯತೆ ಹದಿನಾರರಲ್ಲೊಂದಕ್ಕೆ ಇಳಿಯುತ್ತದೆ, ಗಿಡಗಳ ಸಂಖ್ಯೆ 47ಕ್ಕೆ ಏರುತ್ತದೆ. ಗುಣಗಳು ಹೆಚ್ಚಿದಂತೆ ಜಾಗ ಬೇಡುವ ಬಳ್ಳಿಯನ್ನು ಬೆಳೆಯುವ ಖರ್ಚು ಏರುತ್ತ ಹೋಗುವುದರಿಂದ, ಪೊದೆಯಾಗಿ ಬೆಳೆಯುವ ಗುಣ ಹೊಲದಷ್ಟೇ ಸಂಶೋಧನಾ ತಾಕಿಗೂ ಮುಖ್ಯ.

ಒಳ್ಳೆಯ ತಳಿಯೊಂದಕ್ಕೆ ಸಿಪ್ಪೆಯಿಲ್ಲದ ಗುಣ ಮಾತ್ರ ಸೇರಿಸಬೇಕಿದ್ದರೆ ಹಿಮ್ಮುಖ ಸಂಕರಣದ ದಾರಿ ಹಿಡಿಯುತ್ತಾರೆ: ಸಂತತಿಯನ್ನು ಮತ್ತೆಮತ್ತೆ ಮೂಲ ತಳಿಗೇ ಸಂಕರಿಸುತ್ತ, ನಡುನಡುವೆ ಸ್ವಪರಾಗಸ್ಪರ್ಶ ಮಾಡಿ ಅಡಗಿದ ಜೀನನ್ನು ಹೊರಗೆಳೆಯುವುದು. ಅಲಂಕಾರಕ್ಕೆ ಬೆಳೆಯುವ ಸಣ್ಣ ಕಹಿಗುಂಬಳಗಳೂ ಪೆಪೊ ಪ್ರಭೇದದವೇ ಆದ್ದರಿಂದ ಅವುಗಳ ಪರಾಗ ಸೇರದಂತೆ ಎಚ್ಚರ ಬೇಕು. ಬೆರಕೆಯಾದ ಸಂತತಿಯ ಕಾಯಿಯಲ್ಲಿ ಕುಕರ್ಬಿಟಾಸಿನ್ ಮರಳಿ ಬರಬಹುದು, ಅಂಥ ಕಾಯಿ ತಿಂದರೆ ವಾಂತಿಭೇದಿಯಾಗುತ್ತದೆ. ಕಹಿ ಕಂಡ ಗಿಡವನ್ನು ಬೀಜಕ್ಕೆ ಬಿಡದೆ ಕಿತ್ತುಹಾಕುವುದೇ ನಿಯಮ.

ತಳಿಗಾರರ ಗುರಿಗಳು

ಮೊಳಕೆ: ಸಿಪ್ಪೆಯಿಲ್ಲದ ಬೀಜದ ದೊಡ್ಡ ದೌರ್ಬಲ್ಯ ಇದೇ. ತಣ್ಣನೆಯ ಒದ್ದೆ ಮಣ್ಣಿನಲ್ಲಿ ಬೀಜ ನೀರನ್ನು ಬೇಗ ಹೀರಿಕೊಳ್ಳುತ್ತದೆ, ಒಳಗಿನ ಸಕ್ಕರೆಯಂಶ ಹೊರಗೆ ಸೋರುತ್ತದೆ, ಪಿಥಿಯಮ್‌ನಂಥ ಕೊಳೆರೋಗಾಣುಗಳು ಅದಕ್ಕೆ ಮುತ್ತುತ್ತವೆ. ರಾಸಾಯನಿಕ ಕೃಷಿಯಲ್ಲಿ ಬೀಜಕ್ಕೆ ಶಿಲೀಂಧ್ರನಾಶಕ ಲೇಪಿಸುತ್ತಾರೆ. ಸಾವಯವ ಕೃಷಿಕರು ಮಣ್ಣು ಬೆಚ್ಚಗಾಗುವವರೆಗೆ ಕಾದು ಬಿತ್ತುತ್ತಾರೆ, ಇಲ್ಲವೆ ಸಸಿ ಮಾಡಿ ನೆಡುತ್ತಾರೆ. ತಂಪಿನಲ್ಲೂ ಚುರುಕಾಗಿ ಮೊಳೆತು ಕೊಳೆಯಿಂದ ಪಾರಾಗುವ ಸಂತತಿಯನ್ನು ಆಯುವುದು ತಳಿಗಾರರ ನಿರಂತರ ಕೆಲಸ. ಕಾಯಿ ತಡವಾಗಿ ಒಡೆದರೆ ಬೀಜ ಒಳಗೇ ಮೊಳೆಯುವುದೂ ಉಂಟು. ಅಂಥ ಬೀಜ ತಿನ್ನಲೂ ಬಾರದು, ಎಣ್ಣೆಗೂ ಆಗದು.

ಬೀಜದ ಇಳುವರಿ: ಕಾಯಿಯ ಗಾತ್ರಕ್ಕಿಂತ ಕಾಯಿಗೆ ಎಷ್ಟು ಬೀಜ, ಬೀಜ ಎಷ್ಟು ತುಂಬಿದೆ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವ ಮಾತು. ಒಂದೇ ಗಿಡದಲ್ಲಿ ಕಾಯಿ ಹೆಚ್ಚಾದರೆ ಬೀಜ ಸಣ್ಣದಾಗುತ್ತದೆ. ಪರಾಗಸ್ಪರ್ಶವಾದ ಮೇಲೆ ಬೀಜ ಪೂರ್ತಿ ತುಂಬಲು ಸುಮಾರು 50ರಿಂದ 60 ದಿನ ಬೇಕು. ಕಾಯಿ ಹೊರಗೆ ಬಣ್ಣ ತಿರುಗಿದ್ದರೂ ಒಳಗಿನ ಬೀಜ ಇನ್ನೂ ತೂಕ ಕಟ್ಟಿಕೊಳ್ಳುತ್ತಿರುತ್ತದೆ, ಆದ್ದರಿಂದ ಅವಸರದ ಕೊಯ್ಲು ನಷ್ಟ ತರುತ್ತದೆ.

ರೋಗನಿರೋಧ: 1997ರಲ್ಲಿ ಜುಕಿನಿ ಹಳದಿ ಮೊಸಾಯಿಕ್ ನಂಜುರೋಗ ಸ್ಟಿರಿಯದ ಹೊಲಗಳಿಗೆ ವ್ಯಾಪಕವಾಗಿ ಹಬ್ಬಿ ಭಾರಿ ಹಾನಿ ಮಾಡಿತು. ಸಸ್ಯಹೇನುಗಳಿಂದ ಹರಡುವ ಈ ವೈರಸ್ಸಿನಿಂದ ಎಲೆ ಸುಕ್ಕುಗಟ್ಟಿ, ಕಾಯಿಯ ಮೇಲೆ ಗಂಟುಗಳೆದ್ದು, ಬೀಜ ಜೊಳ್ಳಾಗುತ್ತದೆ. ಪೆಪೊದಲ್ಲಿ ಗಟ್ಟಿ ನಿರೋಧಗುಣ ಇಲ್ಲದ್ದರಿಂದ ತಳಿಗಾರರು ಮೊಸ್ಕಾಟದ ಕಡೆ ತಿರುಗಿದರು. ಆ ಪ್ರಭೇದದ 'ನೈಜೀರಿಯನ್ ಲೋಕಲ್' ಮತ್ತು ಪೋರ್ಚುಗಲ್ ಮೂಲದ 'ಮೆನಿನ' ತಳಿಗಳಲ್ಲಿ ನಿರೋಧ ಜೀನ್‌ಗಳಿವೆ. ಎರಡು ಪ್ರಭೇದಗಳ ನಡುವಿನ ಸಂಕರಣ ಸುಲಭವಲ್ಲ. ಎಷ್ಟೋ ಸಲ ಎಳೆಯ ಭ್ರೂಣವನ್ನು ಕಾಯಿಯಿಂದ ಬಿಡಿಸಿ ಪ್ರಯೋಗಾಲಯದ ಪೋಷಕ ಮಾಧ್ಯಮದಲ್ಲಿ ಬೆಳೆಸಿ ಕಾಪಾಡಬೇಕಾಗುತ್ತದೆ. ಬೂದಿರೋಗದ ನಿರೋಧವೂ ಹೀಗೆಯೇ ಹೊರಗಿಂದ ಬಂದದ್ದು. ಅದರ ಮೂಲ ಒಕೀಚೊಬೀನ್ಸಿಸ್ ಎಂಬ ಕಾಡುಕುಂಬಳದ ಮಾರ್ಟಿನೇಸಿ ಉಪಪ್ರಭೇದ. ಕಾಡುಬಳ್ಳಿಗಳನ್ನು, ಊರೂರಿನ ನಾಟಿ ತಳಿಗಳನ್ನು ಜತನ ಮಾಡುವುದು ಏಕೆ ಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ.

ತಿರುಳಿನ ರುಚಿ: ಎಣ್ಣೆಗುಂಬಳದ ತಿರುಳು ನೀರಾಗಿ, ಸಪ್ಪೆಯಾಗಿ, ನಾರಾಗಿರುತ್ತದೆ. ಬೀಜ ತೆಗೆದ ಮೇಲೆ ಅದು ಹೊಲಕ್ಕೆ ಗೊಬ್ಬರ, ಇಲ್ಲವೆ ದನಕ್ಕೆ ಮೇವು. ತಿರುಳೂ ಬೀಜವೂ ಊಟಕ್ಕೆ ಬರುವ ಕಾಯಿ ಮಾಡುವುದು ಮನೆತೋಟದ ತಳಿಗಾರರ ಹಳೆಯ ಆಸೆ. ಅಡ್ಡಿಯಿರುವುದು ಗಿಡದ ಆಹಾರ ಹಂಚಿಕೆಯಲ್ಲಿ. ತಿರುಳು ರುಚಿಯಾಗಲು ಪಿಷ್ಟ ಮತ್ತು ಸಕ್ಕರೆ ಬೇಕು, ಎಣ್ಣೆ ತುಂಬಿದ ಬೀಜ ಕಟ್ಟಲು ಅದೇ ಸಕ್ಕರೆ ಬೇಕು. ಎಲೆಗಳು ಕೊನೆಯವರೆಗೆ ಹಸಿರಾಗಿ ದುಡಿಯುವ ರೋಗನಿರೋಧಕ ಗಿಡವೇ ಇದಕ್ಕೆ ಪರಿಹಾರದ ಮೊದಲ ಮೆಟ್ಟಿಲು.

ಪ್ರಮುಖ ತಳಿಗಳು

ಆಸ್ಟ್ರಿಯದಲ್ಲಿ 'ಗ್ಲೈಸ್‌ಡಾರ್ಫರ್ ಓಲ್‌ಕ್ಯುರ್ಬಿಸ್' ಬಹುಕಾಲದ ಮುಖ್ಯ ತಳಿ. ಮುಂದೆ 'ಗ್ಲೈಸ್‌ಡಾರ್ಫರ್ ಡಿಯಾಮಂಟ್', 'ರೆಟ್ಜರ್ ಗೋಲ್ಡ್' ಮೊದಲಾದವೂ ಹಲವು ಮಿಶ್ರತಳಿಗಳೂ ಬಂದವು. ಹಂಗೆರಿಯ 'ಕಾಕಾಯಿ' ಹಳದಿ ತೊಗಟೆಯ ಮೇಲೆ ಕಡುಹಸಿರು ಪಟ್ಟೆಗಳ ಅಂದಕ್ಕೂ ಹೆಸರಾಗಿದೆ. ಸ್ಲೊವೇನಿಯದಲ್ಲಿ 'ಸ್ಲೊವೆನ್ಸ್ಕ ಗೊಲಿತ್ಸ', ಸರ್ಬಿಯದಲ್ಲಿ ನೋವಿಸಾದ್ ಸಂಸ್ಥೆಯ 'ಒಲಿಂಕ', ಪೋಲೆಂಡಿನಲ್ಲಿ 'ಜುನೋನ' ಮತ್ತು 'ಮಿರಾಂಡ' ಬೆಳೆಯುತ್ತವೆ. ಅಮೆರಿಕದ ಕೃಷಿ ಇಲಾಖೆ 1970ರ ದಶಕದ ಆರಂಭದಲ್ಲಿ 'ಲೇಡಿ ಗೊಡೈವ' ತಳಿಯನ್ನು ಹೊರತಂದಿತು. ಅಲ್ಲಿ ನ್ಯೂ ಹ್ಯಾಂಪ್‌ಷೈರ್ ವಿಶ್ವವಿದ್ಯಾಲಯದಲ್ಲಿ ಬ್ರೆಂಟ್ ಲಾಯ್ ದಶಕಗಳ ಕಾಲ ಈ ಬೆಳೆಯ ಮೇಲೆ ದುಡಿದರು. 'ಪೆಪಿಟಾಸ್' ಎಂಬ ಮಿಶ್ರತಳಿಗೆ 2016ರಲ್ಲಿ ಆಲ್-ಅಮೆರಿಕ ಸೆಲೆಕ್ಷನ್ಸ್ ಮನ್ನಣೆ ಸಿಕ್ಕಿದೆ. ಚೀನ ದೇಶ ಸಿಪ್ಪೆಯ ಮತ್ತು ಸಿಪ್ಪೆಯಿಲ್ಲದ ಎರಡೂ ಬಗೆಯ ಕುಂಬಳಬೀಜವನ್ನು ದೊಡ್ಡ ಪ್ರಮಾಣದಲ್ಲಿ ಬೆಳೆದು ಹೊರದೇಶಗಳಿಗೆ ಮಾರುತ್ತದೆ.

ಬೇಸಾಯ ಮತ್ತು ಕೊಯ್ಲು

ಸ್ಟಿರಿಯದಲ್ಲಿ ಬಿತ್ತನೆ ಏಪ್ರಿಲ್ ಕೊನೆಯಿಂದ ಮೇ ತಿಂಗಳಲ್ಲಿ, ಕೊಯ್ಲು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ಒಂದು ಚದರ ಮೀಟರಿಗೆ ಒಂದರಿಂದ ಒಂದೂವರೆ ಗಿಡ ಬರುವಂತೆ ಬಿತ್ತುತ್ತಾರೆ. ಕಾಯಿ ಬಲಿತಾಗ ಹಸಿರು ಹೋಗಿ ಕಿತ್ತಳೆ–ಹಳದಿಗೆ ತಿರುಗುತ್ತದೆ, ತೊಟ್ಟು ಒಣಗುತ್ತದೆ. ಟ್ರ್ಯಾಕ್ಟರಿನ ಮುಂದೆ ಕಟ್ಟಿದ ಹಲಗೆಯಿಂದ ಕಾಯಿಗಳನ್ನು ಸಾಲಾಗಿ ತಳ್ಳಿ ಕೂಡಿಸುತ್ತಾರೆ. ಹಿಂದೆ ಬರುವ ಯಂತ್ರದ ಮುಳ್ಳುಚಕ್ರ ಕಾಯಿಗಳನ್ನು ಚುಚ್ಚಿ ಎತ್ತಿಕೊಳ್ಳುತ್ತದೆ. ಕಾಯಿ ಜಜ್ಜಿ, ಬೀಜ ಜಾಲರಿಯಲ್ಲಿ ಬೇರೆಯಾಗಿ, ತಿರುಳು ಹೊಲದಲ್ಲೇ ಉದುರುತ್ತದೆ. ಬೀಜವನ್ನು ಅದೇ ದಿನ ತೊಳೆದು, ತೇವಾಂಶ ನೂರಕ್ಕೆ ಏಳೆಂಟಕ್ಕೆ ಇಳಿಯುವವರೆಗೆ ಬಿಸಿಗಾಳಿಯಲ್ಲಿ ಒಣಗಿಸಬೇಕು. ಸಿಪ್ಪೆಯ ಆಸರೆಯಿಲ್ಲದ ಬೀಜ ತಡಮಾಡಿದರೆ ಬೂಸ್ಟು ಹಿಡಿಯುತ್ತದೆ. ಹೆಕ್ಟೇರಿಗೆ 500ರಿಂದ 1,000 ಕಿಲೊ ಒಣಬೀಜ ಸಾಮಾನ್ಯ ಇಳುವರಿ.

ಬೀಜಕ್ಕಾಗಿ ಬೆಳೆಯುವವರು ಇತರ ಪೆಪೊ ತಳಿಗಳಿಂದ ಅರ್ಧ ಕಿಲೋಮೀಟರಿನಿಂದ ಒಂದು ಕಿಲೋಮೀಟರ್ ಅಂತರ ಕಾಯ್ದುಕೊಳ್ಳಬೇಕು. ಅಷ್ಟು ಜಾಗವಿಲ್ಲದವರಿಗೆ ಹೂ ಕಟ್ಟಿ ಕೈಯಿಂದ ಪರಾಗಸ್ಪರ್ಶ ಮಾಡುವುದೊಂದೇ ದಾರಿ.

ಬೀಜ ಮತ್ತು ಎಣ್ಣೆ

ಒಣ ಕುಂಬಳಬೀಜದ ಬೇಳೆಯ 100 ಗ್ರಾಮಿನಲ್ಲಿ ಸುಮಾರು 30 ಗ್ರಾಂ ಪ್ರೋಟೀನ್, 49 ಗ್ರಾಂ ಕೊಬ್ಬು, 590 ಮಿಲಿಗ್ರಾಂ ಮೆಗ್ನೀಸಿಯಂ, ಏಳೆಂಟು ಮಿಲಿಗ್ರಾಂ ಸತು ಇರುತ್ತದೆ. ಕೊಬ್ಬಿನಲ್ಲಿ ಲಿನೋಲಿಯಿಕ್ ಮತ್ತು ಓಲಿಯಿಕ್ ಆಮ್ಲಗಳದೇ ಮೇಲುಗೈ.

ಸ್ಟಿರಿಯದ ಗಾಣಗಳಲ್ಲಿ ಬೀಜವನ್ನು ಪುಡಿಮಾಡಿ, ನೀರು ಮತ್ತು ಉಪ್ಪು ಬೆರೆಸಿ ಹಿಟ್ಟಿನಂತೆ ನಾದಿ, ದೊಡ್ಡ ಬಾಣಲೆಯಲ್ಲಿ ನೀರಾರುವವರೆಗೆ ಹುರಿಯುತ್ತಾರೆ. ಹುರಿದ ಘಮ ಬಂದ ಮೇಲೆ ಹಿಂಡಿ ಎಣ್ಣೆ ತೆಗೆಯುತ್ತಾರೆ. ಒಂದು ಲೀಟರ್ ಎಣ್ಣೆಗೆ ಸುಮಾರು ಎರಡೂವರೆ ಕಿಲೊ ಬೀಜ ಬೇಕು. ತೆಳುವಾಗಿ ಹರಡಿದಾಗ ಹಸಿರಾಗಿಯೂ ಬಾಟಲಿಯಲ್ಲಿ ದಪ್ಪಗೆ ಕಂಡಾಗ ಕೆಂಪಾಗಿಯೂ ತೋರುವುದು ಈ ಎಣ್ಣೆಯ ವಿಶೇಷ. ಸ್ಲೊವೇನಿಯದ ಸಂಶೋಧಕರಾದ ಸಮೊ ಕ್ರೆಫ್ಟ್ ಮತ್ತು ಮಾರ್ಕೊ ಕ್ರೆಫ್ಟ್ 2007ರಲ್ಲಿ ಇದರ ಕಾರಣ ವಿವರಿಸಿದರು: ಎಣ್ಣೆಯ ಪದರ ದಪ್ಪವಾದಂತೆ ಹಸಿರು ಬೆಳಕು ಕೆಂಪಿಗಿಂತ ಬೇಗ ಹೀರಲ್ಪಡುತ್ತದೆ. ಆ ಹಸಿರಿನ ಮೂಲ ಬೀಜಕ್ಕೆ ಅಂಟಿದ ಒಳಪೊರೆಯಲ್ಲಿದೆ. ಈ ಎಣ್ಣೆಯನ್ನು ಕಾಯಿಸಿ ಕರಿಯಲು ಬಳಸುವುದಿಲ್ಲ, ಕೋಸಂಬರಿಯಂಥ ಹಸಿ ತರಕಾರಿಯ ತಿನಿಸುಗಳ ಮೇಲೆ ಸುರಿದುಕೊಳ್ಳುತ್ತಾರೆ.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ಕುಂಬಳದ ತಳಿ ಅಭಿವೃದ್ಧಿ ಬಹುಮಟ್ಟಿಗೆ ತಿರುಳಿನ ಕಡೆಗೇ ಸಾಗಿದೆ. ಬೆಂಗಳೂರು ಬಳಿಯ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ಚಂದನ್' ಮೊಸ್ಕಾಟ ಪ್ರಭೇದದ ಪ್ರಸಿದ್ಧ ತಳಿ, 'ಅರ್ಕಾ ಸೂರ್ಯಮುಖಿ' ಮ್ಯಾಕ್ಸಿಮದ್ದು. ಸಿಪ್ಪೆಯಿಲ್ಲದ ಬೀಜದ ದಿಕ್ಕಿನಲ್ಲಿ ಮುಖ್ಯ ಹೆಜ್ಜೆಯಿಟ್ಟದ್ದು ಲೂಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾಲಯ. ಅದು 2018ರಲ್ಲಿ 'ಪಿಎಯು ಮಗಜ್ ಕದ್ದೂ-1' ತಳಿಯನ್ನು ಬಿಡುಗಡೆ ಮಾಡಿತು. ಮಿಠಾಯಿ, ಠಂಡಾಯಿ, ಮಸಾಲೆಗಳಲ್ಲಿ ಬಳಸುವ ಸುಲಿದ ಬೀಜಕ್ಕೆ ಉತ್ತರ ಭಾರತದಲ್ಲಿ ಮಗಜ್ ಎನ್ನುತ್ತಾರೆ. ಆ ಮಾರುಕಟ್ಟೆಯೇ ಈ ತಳಿಯ ಗುರಿ.

ಕರ್ನಾಟಕದ ಮನೆಗಳಲ್ಲಿ ಸಿಹಿಗುಂಬಳ ಹೆಚ್ಚಿದಾಗ ಬೀಜವನ್ನು ತೊಳೆದು ಬಿಸಿಲಿಗೆ ಹರಡಿ, ಕಾವಲಿಯಲ್ಲಿ ಹುರಿದು, ಹಲ್ಲಿನಲ್ಲಿ ಸಿಪ್ಪೆ ಬಿಡಿಸಿ ತಿನ್ನುವ ರೂಢಿ ಹಳೆಯದು. ಸುಲಿದ ಬೀಜವನ್ನು ಅಂಗಡಿಯಿಂದ ಕೊಳ್ಳುವವರೂ ಈಗ ಹೆಚ್ಚಿದ್ದಾರೆ. ಇಲ್ಲಿ ಈ ಬೆಳೆಯನ್ನು ತರುವವರು ಎರಡು ಸಂಗತಿಗಳನ್ನು ಎದುರಿಸಬೇಕು. ಮೊದಲನೆಯದು ಹವೆ. ಪೆಪೊ ಹಿತವಾದ ತಂಪನ್ನು ಬಯಸುವ ಪ್ರಭೇದ. ಮಳೆಗಾಲದ ತೇವದಲ್ಲಿ ಕಾಯಿಕೊಳೆ, ಬೇಸಗೆಯಲ್ಲಿ ನಂಜುರೋಗ ಅದನ್ನು ಕಾಡುತ್ತವೆ. ಹಿಂಗಾರಿನ ಒಣ ಹವೆ, ನೀರು ನಿಲ್ಲದ ಏರುಮಡಿ ಅದಕ್ಕೆ ಹೆಚ್ಚು ಒಗ್ಗುತ್ತವೆ. ಮಣ್ಣು ಇಲ್ಲಿ ಸದಾ ಬೆಚ್ಚಗಿರುವುದರಿಂದ ಸ್ಟಿರಿಯದ ರೈತರನ್ನು ಕಾಡುವ ಮೊಳಕೆಕೊಳೆಯ ಭಯ ಕಡಿಮೆ ಎಂಬುದು ಅನುಕೂಲದ ಮಾತು. ಎರಡನೆಯದು ತಳಿಯ ದೂರ. ನಮ್ಮ ನಾಟಿ ಸಿಹಿಗುಂಬಳ ಮೊಸ್ಕಾಟ ಪ್ರಭೇದದ್ದಾದ್ದರಿಂದ ಪೆಪೊದ ಈ ಗುಣವನ್ನು ಅದಕ್ಕೆ ದಾಟಿಸುವುದು ಸರಳ ಸಂಕರಣದ ಕೆಲಸವಲ್ಲ.

ಆದರೂ ದಾರಿ ಮುಚ್ಚಿಲ್ಲ. ನಂಜುರೋಗ ತಡೆಯುವ ಗುಣ ಮೊಸ್ಕಾಟದಿಂದ ಪೆಪೊಗೆ ಈಗಾಗಲೇ ದಾಟಿದೆ. ಬಿಸಿಲು–ಮಳೆ ತಾಳಿಕೊಂಡ ನಮ್ಮ ನಾಟಿ ಕುಂಬಳಗಳಲ್ಲಿ ಅಂಥ ಗುಣಗಳನ್ನು ಹುಡುಕುವುದು, ಬಿಸಿಲುನಾಡಿಗೆ ಒಗ್ಗುವ ಸಿಪ್ಪೆಯಿಲ್ಲದ ಪೆಪೊ ತಳಿಯನ್ನು ಅವುಗಳ ನೆರವಿನಿಂದ ಕಟ್ಟುವುದು ಇಲ್ಲಿನ ತಳಿಗಾರರ ಮುಂದಿರುವ ಕೆಲಸ. ವರ್ಷಕ್ಕೆ ಎರಡು ತಲೆಮಾರು ಬೆಳೆಯಲು ಬಿಡುವ ನಮ್ಮ ಹವೆಯಲ್ಲಿ, ಒಂದು ತಲೆಮಾರು ತಡವಾಗಿ ಕಾಣುವ ಈ ಗುಣಕ್ಕಾಗಿ ಕಾಯಬೇಕಾದ ಕಾಲ ಯುರೋಪಿನಲ್ಲಿರುವುದರ ಅರ್ಧಕ್ಕೆ ಇಳಿಯುತ್ತದೆ.